ಮೇಷ್ಟ್ರ ಪಾಲಿನ ಮಜ್ಜಿಗೆ

ಅಡ್ಯಾರಿನ ಈ ಮನೆಯಲ್ಲಿ ಮಜ್ಜಿಗೆಗೆ ಇಂಗಿನ ಒಗ್ಗರಣೆ ಬಿದ್ದಾಗಲೆಲ್ಲ, ಮಕ್ಕಳೇ, ನನಗೆ ಹಳ್ಳಿ ಶಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

0.5 ದೊಡ್ಡದೋ 0.25 ದೊಡ್ಡದೋ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಕೇಳಿದರು. ನಾನು 0.5 ಎಂದೆ.

"ಇಪ್ಪತ್ತೈದಕ್ಕಿಂತ ಐದು ದೊಡ್ಡದೇನೇ, ಪೆದ್ದಿ?" ಎಂದು ಎಲ್ಲರೆದುರು ಬೆರಳ ಗೆಣ್ಣಿಗೆ ಹೊಡೆದರು.

ಅಂದು ಅವರ ಊಟಕ್ಕೆ ನಮ್ಮ ಮನೆಯ ಮಜ್ಜಿಗೆ. ಊಟದ ಬಿಡುವಿನಲ್ಲಿ ಮನೆಗೆ ಹೋದಾಗ ಅಮ್ಮ ತಂಬಿಗೆಗೆ ಅರ್ಧ ಲೀಟರ್ ತುಂಬಿಸಿ ಕಳಿಸಿದಳು. ಮೇಷ್ಟ್ರು ತಂಬಿಗೆಯೊಳಗೆ ಇಣುಕಿದರು.

"ಇಷ್ಟೇ ಏನೇ? ಅರ್ಧ ಲೀಟರ್ ಹೇಳಿದ್ದೆ."

"ಇದು ಪಾಯಿಂಟ್ ಇಪ್ಪತ್ತೈದು ಲೀಟರ್ ಸಾರ್. ಅದೇ ದೊಡ್ಡದು ಅಂದ್ರಲ್ಲ."

ಅವರು ಎದ್ದು ಹೋಗಿ ಬೋರ್ಡಿನ ಮೇಲಿನ ಲೆಕ್ಕ ಒರೆಸಿದರು.

ಉಳಿದ ಕಾಲು ಲೀಟರನ್ನು ದಾರಿಯಲ್ಲಿ ನಾನೇ ಕುಡಿದಿದ್ದೆ. ಊದಿದ ಬೆರಳುಗಳಲ್ಲಿ ತಂಬಿಗೆ ಹಿಡಿದು ಕುಡಿದ ಆ ಮಜ್ಜಿಗೆಯ ರುಚಿ ನನಗೆ ಮತ್ತೆಂದೂ ಸಿಕ್ಕಿಲ್ಲ.