ಮುಂದಕ್ಕೆ ನಡೆದ ನಾಟಿ

ಗೋಡೆಯ ಮೇಲೆ ಬಿದ್ದ ಪ್ರೊಜೆಕ್ಟರಿನ ಬೆಳಕಿನಲ್ಲಿ ಅನಂತರಾಮು ಬರೆದ ಹೆಂಗಸು ಪೈರು ನೆಡುತ್ತ ಮುಂದಕ್ಕೆ ನಡೆದಳು. ಚಿಕ್ಕರಸಿನಕೆರೆ ಶಾಲೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದರು.

"ಅಯ್ಯೋ ಸ್ವಾಮಿ, ನೆಟ್ಟಿದ್ನೆಲ್ಲ ಅವ್ಳೇ ತುಳೀತಾವ್ಳಲ್ಲ! ನಾಟಿ ಆಕೋರು ಇಂದಿಂದಕ್ಕಲ್ವಾ ಓಗೋದು?" ಎಂದಳು, ನಾಟಿಯಲ್ಲೇ ಸೊಂಟ ಸವೆಸಿದ ಪುಟ್ಟಮಾದಮ್ಮ.

ಕಲೆ, ಯಂತ್ರ, ಸಮಾಜ ಮೂರನ್ನೂ ಕೂಡಿಸಲೆಂದು ಎಪ್ಪತ್ತೆರಡನೇ ಇಸವಿಯಲ್ಲಿ ಹುಟ್ಟಿದ ಪಟ್ಟಣದ ಪ್ರಯೋಗಾಲಯವೊಂದರ ಮೊದಲ ಚಲಿಸುವ ಚಿತ್ರ ಅದು. ಅದಕ್ಕಾಗಿ ಎರಡು ವರ್ಷ ಕೂತು ಸಾವಿರಾರು ಹಾಳೆ ಚಿತ್ರ ಬರೆದಿದ್ದ ಅನಂತರಾಮು ಒಂದು ದಿನವೂ ಗದ್ದೆಗೆ ಇಳಿದಿರಲಿಲ್ಲ. ಕಿವಿ ಬಿಸಿಯಾಗಿ, ಅವಸರದಲ್ಲಿ ರೀಲನ್ನು ಹಿಂದಕ್ಕೆ ತಿರುಗಿಸಿದ.

ಹೆಂಗಸು ಈಗ ಸರಿಯಾಗಿ ಹಿಂದೆ ಸರಿದಳು. ಆದರೆ ನೆಟ್ಟ ಪೈರೆಲ್ಲ ಒಂದೊಂದಾಗಿ ಕಿತ್ತು ಅವಳ ಕೈಗೇ ವಾಪಸು ಬಂತು.

ಈ ಸಲ ಯಾರೂ ನಗಲಿಲ್ಲ. ಪುಟ್ಟಮಾದಮ್ಮ ಎದ್ದು ಬಂದು ಬೆಳಕಿಗೆ ಕೈ ಅಡ್ಡ ಹಿಡಿದಳು.

"ನಿಲ್ಸಿ ಸ್ವಾಮಿ. ನೆಟ್ಟ ಪೈರ ಕೀಳ್ಬ್ಯಾಡಿ."