ಮುದ್ರೆಗೆ ಒಂದು ಕಮ್ಮಿ

ವಕೀಲ ಪೋಸಿ ತಂಪುಪಾನೀಯದ ಯಂತ್ರದ ಮುಂದೆ ನಿಂತು ವಾದ ಮಂಡಿಸುತ್ತಿದ್ದ. "ಮಾನ್ಯ ಜ್ಯೂರಿ ಸದಸ್ಯರೇ," ಎಂದು ಅವನು ಕೈ ಎತ್ತಿದಾಗ ಗಾಜಿನ ಹಿಂದಿನ ಡಬ್ಬಿಗಳು ಗಂಭೀರವಾಗಿಯೇ ಕೇಳಿಸಿಕೊಂಡವು.

"ಅವು ಒಪ್ಪಿದ ಹಾಗಿದೆ," ಎಂದಳು ಕೋರ್ಟಿನ ಓಣಿಯ ಬೆಂಚಿನಲ್ಲಿ ಕೂತಿದ್ದ ಅವನ ಕಕ್ಷಿದಾರಳು ವಿಲ್ಮಾ ಕ್ರೆನೆಕ್.

ಶಾಲಾ ಬಸ್ ಓಡಿಸುತ್ತಿದ್ದವಳು. ಮಕ್ಕಳೆಲ್ಲ ಇಳಿದ ಮೇಲೆ, ಎಣ್ಣೆಬಾವಿಯ ಕೊಳವೆ ಹೊತ್ತ ಟ್ರಕ್ಕೊಂದು ತಿರುವಿನಲ್ಲಿ ಅಡ್ಡ ನುಗ್ಗಿ ಅವಳ ಸೊಂಟ ಮುರಿದಿತ್ತು. "ಪರಿಣತ ಅಂತ ಟೆಕ್ಸಸ್ ವಕೀಲರ ಮಂಡಳಿ ಮುದ್ರೆ ಒತ್ತಿರೋ ಲಾಯರನ್ನೇ ಹಿಡಿಯೇ," ಎಂದು ನಾದಿನಿ ಬಡಿದುಕೊಂಡಿದ್ದಳು. ಮುದ್ರೆಯಿದ್ದ ಲಾಯರುಗಳು ಅವಳನ್ನು ಒಲಿಸಲು ಹಣ್ಣಿನ ಬುಟ್ಟಿ ಕಳಿಸಿದರು. ಮುದ್ರೆಯಿಲ್ಲದ ಪೋಸಿ, ಅವಳಿಗೆ ಅಂದು ಏನು ಕಂಡಿತ್ತೆಂದು ನೋಡಲು, ಅದೇ ತಿರುವಿನಲ್ಲಿ ಬಸ್ಸಿನ ಸೀಟಿನೆತ್ತರದ ಏಣಿ ಹಾಕಿ, ಸಂಜೆಯ ಸೂರ್ಯ ಕಣ್ಣಿಗೆ ಹೊಡೆಯುವವರೆಗೂ ಅದರ ಮೇಲೆ ಕೂತಿದ್ದ. ವಿಲ್ಮಾ ಅವನನ್ನೇ ಹಿಡಿದಳು.

ಬಾಗಿಲು ತೆರೆದು ಟ್ರಕ್ ಕಂಪನಿಯ ವಕೀಲೆ ಮಾರ್ಗೋ ಟ್ರಾಹನ್ ಬಂದಳು. ಪೋಸಿಯ ಕೈಗೆ ಹಾಳೆಯೊಂದನ್ನು ಕೊಟ್ಟು ಪಕ್ಕಕ್ಕೆ ನಿಂತಳು. ಅವನು ಎರಡು ಸಲ ಓದಿ ವಿಲ್ಮಾಳ ಪಕ್ಕ ಬಂದು ಕೂತ.

"ರಾಜಿಗೆ ಬಂದಿದ್ದಾರೆ ಮೇಡಂ. ಇನ್ನೊಂದು ಆಪರೇಷನ್, ಜೀವಮಾನದ ಔಷಧಿ, ಹೋದ ಸಂಬಳ, ಎಲ್ಲಾ ಕೊಡ್ತಾರಂತೆ."

"ಒಳ್ಳೇದಾ?"

"ತುಂಬಾ ಒಳ್ಳೇದು. ಜ್ಯೂರಿಗೆ ಅಂತ ಕರೆಸಿರೋರಲ್ಲಿ ಅರ್ಧ ಜನದ ಮನೇಲಿ ಟ್ರಕ್ ಓಡಿಸೋರಿದ್ದಾರೆ. ಬಿಸಿಲಿಗೆ ಕಣ್ಣು ಕಾಣದೆ ನೀವೇ ತಡವಾಗಿ ಬ್ರೇಕ್ ಹಾಕಿದ್ರಿ ಅಂತಾರೆ. ಸೋತ್ರೆ ಬಿಡಿಗಾಸೂ ಸಿಗಲ್ಲ."

"ಮತ್ತೆ ನಿನ್ ಮುಖ ಯಾಕೆ ಹುಳಿ ಹಿಂಡಿದ ಹಾಗಿದೆ?"

ಉತ್ತರ ಕೊಟ್ಟವಳು ಟ್ರಾಹನ್. "ಪಾಪ, ಇವತ್ತು ವಾದ ನಡೆದಿದ್ರೆ ಪೋಸಿ ಮುದ್ರೆಗೆ ಅರ್ಜಿ ಹಾಕ್ತಿದ್ದ. ಜ್ಯೂರಿ ತೀರ್ಪಿನ ತನಕ ಹೋದ ಕೇಸಷ್ಟೇ ಮಂಡಳಿ ಲೆಕ್ಕಕ್ಕೆ ತಗೊಳ್ಳೋದು. ರಾಜಿಯಾದ್ರೆ ಅದು ಕೇಸೇ ಅಲ್ಲ. ಇವನಿಗೆ ಒಂದೇ ಒಂದು ಕಮ್ಮಿ. ಇರ್ಲಿ ಬಿಡೋ, ಮುಂದಿನ ವರ್ಷ ನೋಡೋಣ." ಅವಳ ಕೋಟಿನ ಹೆಸರುಪಟ್ಟಿಯ ಮೇಲೆ ಅದೇ ಮುದ್ರೆ ಹೊಳೆಯುತ್ತಿತ್ತು. ಅವಳು ಒಳಗೆ ಹೋದಳು.

ವಿಲ್ಮಾ ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಸೋತ್ರೂ ಲೆಕ್ಕಕ್ಕೆ ಬರುತ್ತಾ?"

"ಬರುತ್ತೆ."

"ನನಗ್ಯಾಕೆ ಹೇಳ್ಲಿಲ್ಲ?"

"ಮುರಿದಿರೋದು ನಿಮ್ಮ ಸೊಂಟ ಮೇಡಂ."

ಅವಳು ಯಂತ್ರದತ್ತ ಒಮ್ಮೆ ನೋಡಿದಳು. ಸಹಿ ಹಾಕಲೆಂದು ಅವನು ಕೊಟ್ಟಿದ್ದ ಪೆನ್ನನ್ನು ಬೆಂಚಿನ ಮೇಲಿಟ್ಟಳು.

"ರಾಜಿ ಮಾಡ್ಕೊಳ್ಳೋದು ಬಿಡೋದು ನನ್ನಿಷ್ಟ ಅಂತ ನೀನೇ ಅಂದಿದ್ದೆ ತಾನೇ?"

"ನಿಮ್ಮಿಷ್ಟವೇ."

"ಹಾಗಾದ್ರೆ ಏಳು ಮಾರಾಯ. ಬೆಳಿಗ್ಗೆಯಿಂದ ಆ ಡಬ್ಬಿಗಳಿಗೆ ಹೇಳಿದ್ದನ್ನ ಒಳಗೆ ಮನುಷ್ಯರಿಗೆ ಹೇಳು. ಆ ಮುದ್ರೆ ನಿನ್ನದಾಗ್ಲಿ. ನಾನು ಹೇಗೂ ಕುಂಟ್ತಾನೇ ಇದೀನಿ."

ಪೋಸಿ ಟೈ ಬಿಚ್ಚಿ ಜೇಬಿಗೆ ತುರುಕಿದ. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಅವಳ ಕೈಗಿಟ್ಟ.

"ಹೇಳಲ್ಲ," ಎಂದ.