ಮೇಷ್ಟ್ರನ್ನು ಸೋಲಿಸಿದವನು

"ಚೆಕ್‌ಮೇಟ್," ಎಂದ ಸರಪಳಿಯವನು. ಹಾಗೆಂದ ಮೇಲೆ ತನಗೇ ನಂಬಿಕೆ ಬಾರದೆ ಹಲಗೆಯನ್ನು ಇನ್ನೊಮ್ಮೆ ನೋಡಿದ. ಹೌದು, ಎದುರಾಳಿಯ ರಾಜನಿಗೆ ಹೋಗಲು ಒಂದು ಮನೆಯೂ ಇರಲಿಲ್ಲ.

ಎದುರಿಗೆ ಬೋಲ್ಟಿನ ಪೆಟ್ಟಿಗೆಯ ಮೇಲೆ ಕುಳಿತಿದ್ದವರು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಉಕ್ಕಿನ ಶೆಡ್ಡಿನ ಸೂರಿನಡಿ ಓಡಾಡುವ ಕ್ರೇನಿನ ಆಪರೇಟರು. ಊಟದ ಬಿಡುವಿನಲ್ಲಿ ಅರ್ಧ ಶೆಡ್ಡಿಗೆ ಚೆಸ್ ಕಲಿಸಿದ್ದಕ್ಕೆ ಬಂದ ಹೆಸರು ಅದು. ಕೆಳಗೆ ನಿಂತು ಹೊರೆಗೆ ಸರಪಳಿ ಬಿಗಿದು, ಎತ್ತಿ, ಇಳಿಸಿ, ನಿಲ್ಲಿಸಿ ಎಂದು ಕೈಸನ್ನೆ ಮಾಡುವುದು ಸರಪಳಿಯವನ ಕೆಲಸ. ಮಧ್ಯಾಹ್ನ ಅವರ ಕೈಲಿ ಸೋಲುವುದೂ ವರ್ಷಗಳಿಂದ ಇವನ ಕೆಲಸವೇ ಆಗಿಹೋಗಿತ್ತು. ಈಚೆಗೆ ಮಾತ್ರ ಹಟ ಹಿಡಿದಿದ್ದ. ಫೋನಿನಲ್ಲಿ ವೀಡಿಯೊ ನೋಡಿ ನೋಡಿ, ಬಸ್ಸಿನಲ್ಲೂ ಸಂಡಾಸಿನಲ್ಲೂ ಓಪನಿಂಗಿನ ನಡೆಗಳನ್ನು ಉರುಹೊಡೆದಿದ್ದ. ನಡುವಿನ ಮನೆಗಳನ್ನು ಮೊದಲು ಹಿಡಿ, ಕುದುರೆ ಒಂಟೆಗಳನ್ನು ಬೇಗ ಹೊರಗೆ ತಾ, ರಾಜನನ್ನು ಮೂಲೆಗೆ ಸೇರಿಸಿ ಭದ್ರಮಾಡು.

"ಗುರುವಿಗೇ ತಿರುಮಂತ್ರ ಹಾಕ್ದೆಯಲ್ಲೋ!" ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು. ಅವತ್ತು ಅವನು ಶೆಡ್ಡಿಗೆಲ್ಲ ಚಹಾ ಕುಡಿಸಿದ.

ಆ ವಾರವೆಲ್ಲ ಅವನೇ ಗೆದ್ದ. ಆರಂಭದ ನಡೆಗಳನ್ನು ಮೇಷ್ಟ್ರು ಹಲಗೆಯನ್ನು ಸರಿಯಾಗಿ ನೋಡದೆಯೇ ಪಟಪಟನೆ ಆಡುತ್ತಿದ್ದರು. ಕಂಠಪಾಠ ಮುಗಿದು ಸ್ವಂತ ಯೋಚನೆ ಶುರುವಾಗಬೇಕಾದ ಕಡೆ ಅವರ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ರಾಣಿಯನ್ನು ಸುಮ್ಮಸುಮ್ಮನೆ ಒಂಟೆಯ ಬಾಯಿಗೆ ಕೊಟ್ಟರು. ಒಮ್ಮೆಯಂತೂ ಇವನ ಕುದುರೆಯನ್ನೇ ಎತ್ತಿ ನಡೆಸಿದರು.

"ಮೇಷ್ಟ್ರೇ, ಅದು ನಂದು!"

"ಹೌದಲ್ವಾ," ಎಂದು ಅವರು ನಕ್ಕರು. ಇವನೂ ನಕ್ಕ. ನನ್ನ ಓಪನಿಂಗಿಗೆ ಮೇಷ್ಟ್ರು ತಬ್ಬಿಬ್ಬಾಗಿದ್ದಾರೆ ಅಂದುಕೊಂಡ. ಗೆಲುವಿನ ರುಚಿ ಹತ್ತಿದವನಿಗೆ ಬೇರೇನು ತೋಚೀತು?

ಒಂದು ಸಂಜೆ ಕೆಲಸ ಬಿಟ್ಟಾಗ ಮೇಷ್ಟ್ರ ಹೆಂಡತಿ ಗೇಟಿನಾಚೆ ನಿಂತಿದ್ದರು. ಇವನನ್ನು ಕಂಡದ್ದೇ ಗೋಡೆಯ ಪಕ್ಕಕ್ಕೆ ಕರೆದರು.

"ಅವ್ರು ಕೈಕಾಲು ತೊಳ್ಕೊಂಡು ಬರೋಷ್ಟರಲ್ಲಿ ಹೇಳ್ಬಿಡ್ತೀನಿ. ಮೊನ್ನೆ ಸ್ನಾನಕ್ಕೆ ಅಂತ ಎದ್ದೋರು ಅಡುಗೆಮನೆ ಸಿಂಕಿನ ಮುಂದೆ ಅಂಗಿ ಬಿಚ್ಚಿ ನಿಂತಿದ್ರು. ನಿನ್ನೆ ನನ್ನನ್ನೇ ಅವ್ರ ತಂಗಿ ಹೆಸರು ಹಿಡಿದು ಕೂಗಿದ್ರು. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ, ಚೆಸ್ ಆಡೋನ ತಲೆ ಕೆಡುತ್ತಾ ಅಂತ ನನ್ನ ಮೇಲೇ ರೇಗ್ತಾರೆ."

"ವಯಸ್ಸಾಯ್ತಲ್ಲ ಅಕ್ಕ."

"ಅದಕ್ಕೇ ನಿನ್ನ ಕೇಳ್ತಿರೋದು. ದಿನಾ ಎದುರಿಗೆ ಕೂರೋನು ನೀನು. ಆಟದಲ್ಲಿ ಏನಾದ್ರೂ ಎಡವಟ್ಟು ಮಾಡ್ತಾರಾ? ನೀನು ಹೂಂ ಅನ್ನು ಸಾಕು, ನಾಳೆಯಿಂದ ಅವ್ರನ್ನ ಕ್ರೇನ್ ಹತ್ತೋಕೆ ಬಿಡಲ್ಲ."

ತನ್ನ ಕುದುರೆ ಅವರ ಬೆರಳುಗಳ ನಡುವೆ ಇದ್ದದ್ದು ಅವನಿಗೆ ನೆನಪಾಯಿತು. ಹೂಂ ಅಂದರೆ ಗೆದ್ದದ್ದೆಲ್ಲ ಗೆಲುವೇ ಅಲ್ಲ, ಮರೆವು ಹತ್ತಿದವರ ಕೈಯಿಂದ ಕಿತ್ತುಕೊಂಡದ್ದು. ಇಷ್ಟು ವರ್ಷಕ್ಕೆ ಒಂದು ಸಲ ತಾನೂ ಒಬ್ಬ ಆಟಗಾರ ಅನ್ನಿಸಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಇಲ್ಲ ಅಕ್ಕ. ಮೇಷ್ಟ್ರು ಚೆನ್ನಾಗೇ ಆಡ್ತಾರೆ. ನಾನೇ ಈಚೆಗೆ ಸ್ವಲ್ಪ ಸುಧಾರಿಸಿದೀನಿ."

"ಬದುಕಿಸ್ದೆ ಕಣಪ್ಪ," ಎಂದು ಆಕೆ ನಿಟ್ಟುಸಿರು ಬಿಟ್ಟರು.

ಮುಂದಿನ ವಾರ ಉಕ್ಕಿನ ತಗಡುಗಳ ಹೊರೆ ಇಳಿಯುತ್ತಿತ್ತು. ಅದರಡಿ ಇಟ್ಟಿದ್ದ ಮರದ ದಿಮ್ಮಿ ಓರೆಯಾಗಿದ್ದು ಕಂಡು, ಅವನು ನಿಲ್ಲಿಸಿ ಎಂದು ಮುಷ್ಟಿ ಎತ್ತಿ, ಕಾಲಿನಿಂದ ದಿಮ್ಮಿಯನ್ನು ಒಳಗೆ ತಳ್ಳಿದ. ಹಾಗೆ ಮಾಡಬಾರದು ಎಂಬುದು ಶೆಡ್ಡಿಗೆಲ್ಲ ಗೊತ್ತು. ಆದರೆ ಅವನ ಮುಷ್ಟಿ ಮೇಲೆದ್ದರೆ ಮೇಷ್ಟ್ರ ಹೊರೆ ನಿಂತೇ ನಿಲ್ಲುತ್ತದೆ ಎಂಬುದೂ ಶೆಡ್ಡಿಗೆಲ್ಲ ಗೊತ್ತಿತ್ತು. ಈ ಸಲ ನಿಲ್ಲಲಿಲ್ಲ. ಅವನು ತಲೆಯೆತ್ತಿದಾಗ ಕ್ಯಾಬಿನ್ನಿನ ಗಾಜಿನ ಹಿಂದೆ ಮೇಷ್ಟ್ರು ಅವನ ಮುಷ್ಟಿಯನ್ನೇ ನೋಡುತ್ತಿದ್ದರು, ಅದರ ಅರ್ಥವೇನಿರಬಹುದು ಎಂದು ಯೋಚಿಸುವವರ ಹಾಗೆ.

ಅವನು ಮಲಗಿದ್ದ ಆಸ್ಪತ್ರೆಗೆ ಮೇಷ್ಟ್ರನ್ನು ಕೈಹಿಡಿದು ಕರೆತಂದವರು ಹೆಂಡತಿಯೇ. ನಿನ್ನ ಕೇಳಿದ್ದೆನಲ್ಲಪ್ಪ ಎಂದು ಒಂದು ಮಾತು ಆಕೆ ಅಂದಿದ್ದರೂ ಅವನ ಎದೆ ಹಗುರಾಗುತ್ತಿತ್ತು. ಆಕೆ ಅವನ ಮುಖವನ್ನೂ ನೋಡದೆ ಹೋಗಿ ಕಿಟಕಿಯ ಬಳಿ ನಿಂತರು.

"ಏನೋ, ಕೆಲಸಕ್ಕೆ ಚಕ್ಕರ್ ಹೊಡೆದು ಇಲ್ಲಿ ಬಿದ್ಕೊಂಡಿದೀಯಾ?" ಎಂದರು ಮೇಷ್ಟ್ರು, ಗೆಲುವಾಗಿ. ಕಂಕುಳಲ್ಲಿದ್ದ ಹಲಗೆಯನ್ನು ಮಂಚದ ಮೇಲೆ, ಹೊದಿಕೆ ಸಮತಟ್ಟಾಗಿದ್ದ ಕಡೆ ಇಟ್ಟು ಕಾಯಿಗಳನ್ನು ಜೋಡಿಸಿದರು. ಅವನು ಆಡಿದ, ಅವರು ಆಡಿದರು. ಕಾಲಾಳು, ಕುದುರೆ, ಒಂಟೆ, ಎಲ್ಲವೂ ತಡವರಿಸದೆ, ಒಂದೂ ತಪ್ಪಿಲ್ಲದೆ ಮನೆ ಸೇರಿದವು.

ಆಮೇಲೆ ಹಲಗೆ ವಾಲಿತು. ಅದನ್ನು ಹಿಡಿಯಲು ಮೇಷ್ಟ್ರು ಹೊದಿಕೆಯ ಮೇಲೆ ಕೈ ಊರಿದರು. ಕೈ ನೇರವಾಗಿ ಹಾಸಿಗೆಗೆ ತಗುಲಿತು. ಅವರು ಅಲ್ಲೇ ಆಚೀಚೆ ತಡಕಾಡಿದರು.

"ಅಯ್ಯೋ, ಕಾಲೆಲ್ಲೋ? ಯಾವ ಪಾಪಿ ಮಾಡ್ದ ನಿನಗೆ ಹೀಗೆ?"

ಕಿಟಕಿಯ ಬಳಿ ಆಕೆ ಬಾಯಿಗೆ ಕೈ ಒತ್ತಿಕೊಂಡರು.

"ನಾನೇ, ಮೇಷ್ಟ್ರೇ," ಎಂದ ಅವನು.